ಬಿಳಿ ರಕ್ತಕಣಗಳ ಗುರುತು ತಪ್ಪುತ್ತಿದೆಯೇ? ದೋಷ ಎಲ್ಲಿದೆ ಎಂದು ಹುಡುಕುವ ಕೈಪಿಡಿ

ಪುಸ್ತಕದ ಚಿತ್ರದಲ್ಲಿ ಐದೂ ಬಗೆಯ ಬಿಳಿ ರಕ್ತಕಣಗಳು (ನ್ಯೂಟ್ರೊಫಿಲ್, ಲಿಂಫೊಸೈಟ್, ಮೊನೊಸೈಟ್, ಇಯೊಸಿನೊಫಿಲ್, ಬೇಸೊಫಿಲ್) ಒಂದಕ್ಕೊಂದು ಸಂಬಂಧವೇ ಇಲ್ಲದಷ್ಟು ಬೇರೆಬೇರೆಯಾಗಿ ಕಾಣುತ್ತವೆ. ಸ್ಲೈಡಿನಲ್ಲಿ ಹಾಗಿರುವುದಿಲ್ಲ. ಇದು ಮೊನೊಸೈಟೋ ದೊಡ್ಡ ಲಿಂಫೊಸೈಟೋ, ಈ ಕೆಂಪು ಕಾಳುಗಳ ಕಣ ಇಯೊಸಿನೊಫಿಲ್ಲೋ ಬಣ್ಣ ಕೆಟ್ಟ ನ್ಯೂಟ್ರೊಫಿಲ್ಲೋ ಎಂದು ಐದು ನಿಮಿಷ ಕಣ್ಣು ನೆಟ್ಟರೂ ತೀರ್ಮಾನ ಆಗುವುದಿಲ್ಲ. ಆಗ ಬಹಳ ಜನ ಅದೇ ಕಣವನ್ನು ಇನ್ನಷ್ಟು ದಿಟ್ಟಿಸುತ್ತಾರೆ. ಅದರ ಬದಲು ಆ ಕಣವನ್ನು ಬಿಟ್ಟು ಅಕ್ಕಪಕ್ಕ ನೋಡಬೇಕು. ಗುರುತು ಸಿಗದ ಕಣಗಳಲ್ಲಿ ಹೆಚ್ಚಿನವು ಮಾಮೂಲಿ ಕಣಗಳೇ. ಗಾಜಿನ ಮೇಲೆ ಎಳೆದ ರಕ್ತದ ಲೇಪ ದಪ್ಪವಾಗಿದ್ದರಿಂದಲೋ, ಬಣ್ಣಕ್ಕೆ ಬೆರೆಸುವ ಬಫರ್ ಕೆಟ್ಟಿದ್ದರಿಂದಲೋ, ರಕ್ತ ಹಳೆಯದಾಗಿದ್ದರಿಂದಲೋ, ಬೆಳಕನ್ನು ಸ್ಲೈಡಿನತ್ತ ಒಗ್ಗೂಡಿಸುವ ಕಂಡೆನ್ಸರ್ ಕೆಳಗಿಳಿದಿದ್ದರಿಂದಲೋ ಅವುಗಳ ರೂಪ ಬದಲಾಗಿರುತ್ತದೆ.

ಹೀಗಾಗಿ ಅನುಮಾನ ಪಡುವುದಕ್ಕೂ ಒಂದು ಕ್ರಮ ಬೇಕು. ಮೊದಲು ಮೈಕ್ರೋಸ್ಕೋಪು, ಆಮೇಲೆ ಬಣ್ಣ, ಆಮೇಲೆ ಲೇಪ ಮತ್ತು ರಕ್ತದ ವಯಸ್ಸು, ಆಮೇಲೆ ಸ್ಲೈಡಿನಲ್ಲಿ ನೋಡುತ್ತಿರುವ ಜಾಗ. ಈ ನಾಲ್ಕೂ ಸರಿಯಿದ್ದ ಮೇಲೂ ಕಣ ಅರ್ಥವಾಗದಿದ್ದರೆ ಕಣವನ್ನು ಅನುಮಾನಿಸಿ.

ಸ್ಲೈಡಿನೊಳಗೇ ಇರುವ ಅಳತೆಗೋಲು

ಪ್ರತಿ ಸ್ಲೈಡೂ ತನ್ನದೇ ಮಾದರಿಗಳನ್ನು ಹೊತ್ತುಕೊಂಡು ಬಂದಿರುತ್ತದೆ. ನೂರು ಬಿಳಿ ಕಣಗಳಲ್ಲಿ ಯಾವ ಬಗೆ ಎಷ್ಟು ಎಂಬ ಎಣಿಕೆಗೆ ಕೂರುವ ಮೊದಲು, ಎಣ್ಣೆಯ ಹನಿ ಹಾಕಿ ನೋಡುವ ಆಯಿಲ್ ಲೆನ್ಸಿನಲ್ಲಿ ಈ ನಾಲ್ಕನ್ನು ಹುಡುಕಿ ನೋಡಿಕೊಳ್ಳಿ.

ಕೆಂಪು ರಕ್ತಕಣ ಗುಲಾಬಿ ಬಣ್ಣದಲ್ಲಿದ್ದು, ನಡುವೆ ತಿಳಿಯಾಗಿರಬೇಕು. ಅದರ ಅಗಲ 7ರಿಂದ 8 ಮೈಕ್ರಾನ್. ಉಳಿದೆಲ್ಲವನ್ನೂ ಅಳೆಯುವುದು ಇದರಿಂದಲೇ. ಸಣ್ಣ ಲಿಂಫೊಸೈಟಿನ ನ್ಯೂಕ್ಲಿಯಸ್ ಹೆಚ್ಚುಕಡಿಮೆ ಒಂದು ಕೆಂಪು ಕಣದಷ್ಟೇ ಇರುತ್ತದೆ, ಗಾಢ ನೇರಳೆ. ನ್ಯೂಟ್ರೊಫಿಲ್ಲಿನ ಹಾಲೆಗಳು (ನ್ಯೂಕ್ಲಿಯಸ್ಸಿನ ಭಾಗಗಳು) ನೇರಳೆ, ಸೈಟೊಪ್ಲಾಸಂ ತಿಳಿ ಗುಲಾಬಿ, ಅದರಲ್ಲಿ ಧೂಳಿನಷ್ಟು ಸಣ್ಣ ಕಾಳುಗಳು. ಪ್ಲೇಟ್‌ಲೆಟ್‌ಗಳ ನಡುವೆ ನೇರಳೆ ಚುಕ್ಕಿಗಳು ಕಾಣಬೇಕು.

ಈ ನಾಲ್ಕೂ ಹೇಳಿದಂತೆ ಇದ್ದರೆ ಬಣ್ಣವನ್ನು ನಂಬಬಹುದು. ಕೆಂಪು ಕಣವೇ ಬೂದಿ ಅಥವಾ ಹಸಿರು ಛಾಯೆಗೆ ತಿರುಗಿದ್ದರೆ ಅದೇ ಸ್ಲೈಡಿನಲ್ಲಿ ಇಯೊಸಿನೊಫಿಲ್ ಹುಡುಕುವುದು ವ್ಯರ್ಥ. ಅದನ್ನು ಬದಿಗಿಟ್ಟು ಇನ್ನೊಂದಕ್ಕೆ ಬಣ್ಣ ಹಾಕಿ.

ಮೈಕ್ರೋಸ್ಕೋಪಿನ ದೋಷಗಳು

ಆಯಿಲ್ ಲೆನ್ಸಿನಲ್ಲಿ ಫೋಕಸ್ಸೇ ಸಿಗುತ್ತಿಲ್ಲ ಎಂದಾದರೆ ಮೊದಲು ಸ್ಲೈಡ್ ತಲೆಕೆಳಗಾಗಿದೆಯೇ ನೋಡಿ. ಈ ಲೆನ್ಸಿಗೂ ಲೇಪಕ್ಕೂ ನಡುವೆ ಇರುವ ಅಂತರ ಮಿಲಿಮೀಟರಿನ ಒಂದೆರಡು ಹತ್ತಾಂಶ ಮಾತ್ರ. ಲೇಪ ಕೆಳಮುಖವಾಗಿದ್ದರೆ ಗಾಜಿನ ದಪ್ಪವೇ ಅಡ್ಡ ಬರುತ್ತದೆ. ಹತ್ತು ಪಟ್ಟು ಹಿಗ್ಗಿಸುವ 10ರ ಲೆನ್ಸಿನಲ್ಲಿ ಚೆನ್ನಾಗಿ ಕಂಡು, ಆಯಿಲ್ ಲೆನ್ಸಿನಲ್ಲಿ ಏನೂ ಕಾಣದಿದ್ದರೆ ಕಾರಣ ಬಹುತೇಕ ಇದೇ. ಗುಂಡಿಯನ್ನು ಇನ್ನಷ್ಟು ತಿರುಗಿಸಬೇಡಿ, ಸ್ಲೈಡ್ ಒಡೆದು ಲೆನ್ಸಿಗೆ ಗೀರು ಬೀಳುತ್ತದೆ.

ಮಂಜು ಕವಿದಂತೆ ಕಾಣುವುದಕ್ಕೆ ಎರಡು ಬೇರೆ ಕಾರಣಗಳಿವೆ. 40ರ ಲೆನ್ಸಿನಲ್ಲಿ ಮಾತ್ರ ಮಂಜಾಗಿದ್ದರೆ ಅದಕ್ಕೆ ಎಣ್ಣೆ ತಗುಲಿರಬಹುದು. ಎಣ್ಣೆ ಹಾಕಿದ ಸ್ಲೈಡಿನ ಮೇಲೆ 40ರ ಲೆನ್ಸನ್ನು ಹಿಂದಕ್ಕೆ ತಿರುಗಿಸಿದಾಗ ಆಗುವ ಅನಾಹುತ ಇದು. ಲೆನ್ಸ್ ಪೇಪರಿನಿಂದ ಒರೆಸಿ. ಹೋಗದಿದ್ದರೆ ಲೆನ್ಸ್ ತಯಾರಕರು ಹೇಳಿದ ದ್ರವವನ್ನು ಪೇಪರಿಗೆ ಸ್ವಲ್ಪ ತಾಗಿಸಿ ಒರೆಸಿ, ಲೆನ್ಸನ್ನು ನೆನೆಸಬೇಡಿ. ಒರೆಸಿದ ಮೇಲೂ ಮಂಜು ಹೋಗದಿದ್ದರೆ ಅದು ಲೆನ್ಸಿನ ಸ್ವಭಾವ. ಸಾಮಾನ್ಯವಾಗಿ 40ರ ಲೆನ್ಸನ್ನು 0.17 ಮಿಲಿಮೀಟರ್ ದಪ್ಪದ ಕವರ್‌ಸ್ಲಿಪ್ ಇರುತ್ತದೆಂದು ಲೆಕ್ಕಹಾಕಿ ಮಾಡಿರುತ್ತಾರೆ. ಲೇಪದ ಮೇಲೆ ಒಂದು ಹನಿ ಎಣ್ಣೆ ಹಾಕಿ ಕವರ್‌ಸ್ಲಿಪ್ ಇಟ್ಟು ನೋಡಿ. ಅದೇ ಲೆನ್ಸಿನಲ್ಲಿ ಕಣಗಳು ಎಷ್ಟು ಸ್ಪಷ್ಟವಾಗುತ್ತವೆ ಎಂದು ಒಮ್ಮೆ ಕಂಡವರು ಈ ಉಪಾಯವನ್ನು ಬಿಡುವುದಿಲ್ಲ.

ಆಯಿಲ್ ಲೆನ್ಸಿನಲ್ಲೇ ಮಂಜಾಗಿದ್ದರೆ ಎಣ್ಣೆಯೊಳಗೆ ಗಾಳಿಗುಳ್ಳೆ ಇದೆಯೇ, ಲೆನ್ಸಿನ ತುದಿಯಲ್ಲಿ ಹಳೆಯ ಎಣ್ಣೆ ಗಟ್ಟಿಯಾಗಿದೆಯೇ ನೋಡಿ. ಎಣ್ಣೆ ಇಮ್ಮರ್ಷನ್ ಆಯಿಲ್ಲೇ ಆಗಿರಬೇಕು. ಅದರ ವಕ್ರೀಭವನ ಸೂಚ್ಯಂಕ ಗಾಜಿನದಕ್ಕೆ ಸಮನಾಗಿ ಸುಮಾರು 1.515 ಇರುವುದರಿಂದಲೇ ಬೆಳಕು ಚದುರದೆ ಲೆನ್ಸ್ ಸೇರುತ್ತದೆ. ಕೈಗೆ ಸಿಕ್ಕ ಬೇರೆ ಎಣ್ಣೆಯಿಂದ ಆ ಕೆಲಸ ಆಗುವುದಿಲ್ಲ.

ಗುರುತನ್ನೇ ತಪ್ಪಿಸುವ ದೋಷ ಮಾತ್ರ ಕಂಡೆನ್ಸರಿನದು. ಕಂಡೆನ್ಸರ್ ಕೆಳಗಿದ್ದು, ಅದರ ಬೆಳಕಿನ ಕಿಂಡಿಯಾದ ಐರಿಸ್ ತೀರಾ ಮುಚ್ಚಿದ್ದರೆ ನ್ಯೂಟ್ರೊಫಿಲ್ಲಿನ ಸಣ್ಣ ಕಾಳುಗಳೂ ಹೊಳೆಯತೊಡಗುತ್ತವೆ, ದಪ್ಪಗೆ ಕಾಣುತ್ತವೆ. ಹೊಳೆಯುವ ಕಾಳು ಇಯೊಸಿನೊಫಿಲ್ಲಿನ ಲಕ್ಷಣವಾದ್ದರಿಂದ ನ್ಯೂಟ್ರೊಫಿಲ್ ಆ ಲೆಕ್ಕಕ್ಕೆ ಸೇರಿಬಿಡುತ್ತದೆ. ಆಯಿಲ್ ಲೆನ್ಸ್ ಬಳಸುವಾಗ ಕಂಡೆನ್ಸರನ್ನು ಪೂರ್ತಿ ಮೇಲಕ್ಕೆ ತನ್ನಿ, ಐರಿಸನ್ನು ಮುಕ್ಕಾಲು ಭಾಗ ತೆರೆಯಿರಿ. ಬೆಳಕು ಹೆಚ್ಚೆನಿಸಿದರೆ ಬಲ್ಬಿನ ಗುಂಡಿಯಿಂದ ತಗ್ಗಿಸಿ, ಐರಿಸ್ ಮುಚ್ಚಿ ತಗ್ಗಿಸಬೇಡಿ. ಬಲ್ಬ್ ಹಳದಿ ಬೆಳಕಿನದಾದರೆ ನೀಲಿ ಫಿಲ್ಟರ್ ಹಾಕಿ. ಇಲ್ಲವಾದರೆ ಮೊನೊಸೈಟಿನ ಬೂದಿ ಬಣ್ಣಕ್ಕೂ ಲಿಂಫೊಸೈಟಿನ ತಿಳಿನೀಲಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ಬಣ್ಣದ ದೋಷಗಳು

ಲೀಶ್‌ಮನ್, ರೈಟ್, ಗೀಮ್ಸಾ ಎಲ್ಲವೂ ರೊಮನೋವ್‌ಸ್ಕಿ ಕುಟುಂಬದ ಬಣ್ಣಗಳು. ಕೆಲಸ ಮಾಡುವ ಜೋಡಿ ಎಲ್ಲದರಲ್ಲೂ ಒಂದೇ: ಆಮ್ಲಸ್ವಭಾವದ ನ್ಯೂಕ್ಲಿಯಸ್ಸಿಗೆ ಅಂಟುವ ಅಝೂರ್ ಬಿ, ಕ್ಷಾರಸ್ವಭಾವದ ಇಯೊಸಿನೊಫಿಲ್ ಕಾಳುಗಳಿಗೂ ಹಿಮೋಗ್ಲೋಬಿನ್ನಿಗೂ ಅಂಟುವ ಇಯೊಸಿನ್. ಈ ಎರಡರ ನಡುವಿನ ಸಮತೋಲ ಕಾಯುವುದು ಬಫರಿನ ಪಿಎಚ್. ಅದು 6.8ರ ಸುಮಾರಿನಲ್ಲಿರಬೇಕು. ಮಲೇರಿಯಾ ಹುಡುಕಲು 7.2 ಬಳಸುವ ಪ್ರಯೋಗಾಲಯದಲ್ಲಿ ಎರಡು ಬಾಟಲಿಗಳು ಅದಲುಬದಲಾಗುವುದುಂಟು. ಒಂದು ದಿನದ ಸ್ಲೈಡುಗಳೆಲ್ಲ ಇದ್ದಕ್ಕಿದ್ದಂತೆ ನೀಲಿಯಾದರೆ ಬಾಟಲಿಯ ಚೀಟಿ ಓದಿ.

ಲೀಶ್‌ಮನ್ ವಿಧಾನದ ಅಳತೆಗಳು ಹೀಗಿವೆ. 0.15 ಗ್ರಾಂ ಪುಡಿಯನ್ನು ಅಸಿಟೋನ್ ಇಲ್ಲದ 100 ಮಿಲಿ ಮೆಥನಾಲಿನಲ್ಲಿ ಕರಗಿಸಿ, ಕೆಲವು ದಿನ ಮಾಗಲು ಬಿಟ್ಟು, ಸೋಸಿ ಬಳಸಬೇಕು. ಬಫರಿಗೆ ಲೀಟರಿಗೆ 9.1 ಗ್ರಾಂ ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ ಇರುವ ಒಂದು ದ್ರಾವಣ, ಲೀಟರಿಗೆ 9.5 ಗ್ರಾಂ ನೀರಿಲ್ಲದ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ ಇರುವ ಇನ್ನೊಂದು ದ್ರಾವಣ ಮಾಡಿಟ್ಟುಕೊಳ್ಳಿ. ಎರಡನ್ನೂ ಸಮಸಮ ಸೇರಿಸಿದರೆ ಪಿಎಚ್ ಹೆಚ್ಚುಕಡಿಮೆ 6.8 ಬರುತ್ತದೆ. ಮೀಟರಿನಲ್ಲಿ ನೋಡಿ ಖಚಿತಪಡಿಸಿಕೊಂಡು, ಅದರಲ್ಲಿ 50 ಮಿಲಿಯನ್ನು ಡಿಸ್ಟಿಲ್ಡ್ ನೀರಿನಿಂದ ಒಂದು ಲೀಟರಿಗೆ ತಂದರೆ ಬಳಸುವ ಬಫರ್ ಸಿದ್ಧ. ಒಣಗಿದ ಲೇಪದ ಮೇಲೆ ಬಣ್ಣ ಸುರಿದು 2 ನಿಮಿಷ ಬಿಡಿ; ಈ ಹೊತ್ತಿನಲ್ಲಿ ಮೆಥನಾಲ್ ಕಣಗಳನ್ನು ಗಾಜಿಗೆ ಕೂರಿಸುತ್ತದೆ. ಆಮೇಲೆ ಬಣ್ಣದ ಎರಡರಷ್ಟು ಬಫರ್ ಹಾಕಿ, ಊದಿಯೋ ಪಿಪೆಟ್ಟಿನಿಂದಲೋ ಬೆರೆಸಿ, 7ರಿಂದ 10 ನಿಮಿಷ ಬಿಡಿ. ಮೇಲ್ಮೈಯಲ್ಲಿ ಲೋಹದ ಹೊಳಪಿನ ಪೊರೆ ಕಟ್ಟಬೇಕು. ಕೊನೆಗೆ ಬಫರಿನಿಂದ ತೊಳೆದು ಅಂಚು ಗುಲಾಬಿಯಾದಾಗ ನಿಲ್ಲಿಸಿ, ಸ್ಲೈಡನ್ನು ನಿಲ್ಲಿಸಿ ಒಣಗಿಸಿ.

ಎಲ್ಲವೂ ನೀಲಿ: ಕೆಂಪು ಕಣ ಬೂದಿ-ನೀಲಿ, ಲಿಂಫೊಸೈಟಿನ ನ್ಯೂಕ್ಲಿಯಸ್ ಮಸಿ ಮುದ್ದೆ, ಇಯೊಸಿನೊಫಿಲ್ ಕಾಳುಗಳು ಕಂದು ಅಥವಾ ಬೂದಿ, ನ್ಯೂಟ್ರೊಫಿಲ್ ಕಾಳುಗಳು ದಪ್ಪ. ಬಫರ್ ಕ್ಷಾರವಾಗಿದೆ, ಅಥವಾ ಲೇಪ ದಪ್ಪವಾಗಿದೆ, ಅಥವಾ ಬಣ್ಣ ಹೆಚ್ಚು ಹೊತ್ತು ಇತ್ತು, ಅಥವಾ ತೊಳೆದದ್ದು ಸಾಲದು. ಯಾವುದೆಂದು ತಿಳಿಯಲು ಅದೇ ಸ್ಲೈಡಿನ ತೆಳುವಾದ ತುದಿಯನ್ನು ನೋಡಿ. ಅಲ್ಲಿ ಬಣ್ಣ ಸರಿಯಿದ್ದರೆ ತಪ್ಪು ದಪ್ಪದ್ದು. ಅಲ್ಲಿಯೂ ನೀಲಿಯಿದ್ದರೆ ಬಫರಿನದು ಅಥವಾ ಸಮಯದ್ದು. ಹೆಪ್ಪುಗಟ್ಟದಂತೆ ಹೆಪರಿನ್ ಹಾಕಿದ ರಕ್ತವೂ ಹಿನ್ನೆಲೆಯನ್ನು ನೀಲಿ ಮಾಡುತ್ತದೆ. ಇವೆಲ್ಲ ಸರಿಯಿದ್ದು, ಒಬ್ಬ ರೋಗಿಯ ಸ್ಲೈಡ್ ಮಾತ್ರ ನೀಲಿ ಹಿನ್ನೆಲೆಯದಾಗಿ, ಕೆಂಪು ಕಣಗಳು ನಾಣ್ಯ ಪೇರಿಸಿದಂತೆ ಸಾಲುಗಟ್ಟಿದ್ದರೆ ಅದು ದೋಷವಲ್ಲ, ಸುಳಿವು. ಪ್ಲಾಸ್ಮಾದಲ್ಲಿ ಪ್ರೋಟೀನ್ ಹೆಚ್ಚಿರುವಾಗ, ಮೈಲೋಮಾ ಎಂಬ ಮೂಳೆಮಜ್ಜೆಯ ಕ್ಯಾನ್ಸರಿನಲ್ಲಿ ಆಗುವಂತೆ, ಹೀಗೆ ಕಾಣುತ್ತದೆ. ವರದಿಯಲ್ಲಿ ಬರೆಯಿರಿ.

ಎಲ್ಲವೂ ಕೆಂಪು: ಕೆಂಪು ಕಣ ಕಿತ್ತಳೆ, ಇಯೊಸಿನೊಫಿಲ್ ಕಣ್ಣು ಕುಕ್ಕುವಷ್ಟು ಕೆಂಪು, ಆದರೆ ನ್ಯೂಕ್ಲಿಯಸ್‌ಗಳು ಪೇಲವ. ಬಫರ್ ಆಮ್ಲವಾಗಿದೆ, ಅಥವಾ ಬಣ್ಣ ಹಾಕಿದ ಹೊತ್ತು ಸಾಲದು, ಅಥವಾ ತೊಳೆದದ್ದು ಹೆಚ್ಚಾಗಿದೆ. ಇಂಥ ಸ್ಲೈಡಿನಲ್ಲಿ ಕ್ರೊಮ್ಯಾಟಿನ್ ಎಂಬ ನ್ಯೂಕ್ಲಿಯಸ್ಸಿನೊಳಗಿನ ವಸ್ತುವಿನ ಹೆಣಿಗೆ ಅಳಿಸಿಹೋಗುವುದರಿಂದ ಸಾಧಾರಣ ಲಿಂಫೊಸೈಟೂ ಎಳೆಯ ಕಣದಂತೆ ಕಂಡು ಗಾಬರಿ ಹುಟ್ಟಿಸುತ್ತದೆ.

ಎಲ್ಲೆಡೆ ನೇರಳೆ ಚೂರುಗಳು: ಇದು ಬಣ್ಣದ ಕಸ. ಸೋಸದೆ ಬಳಸಿದಾಗ, ಬಣ್ಣ ಸ್ಲೈಡಿನ ಮೇಲೆ ಒಣಗಿದಾಗ ಬೀಳುತ್ತದೆ. ಮುಖ್ಯವಾದ ಇನ್ನೊಂದು ಕಾರಣ ತೊಳೆಯುವ ರೀತಿ. ಸ್ಲೈಡನ್ನು ಓರೆ ಮಾಡಿ ಬಣ್ಣ ಚೆಲ್ಲಿದರೆ ಮೇಲಿನ ಪೊರೆ ಲೇಪದ ಮೇಲೆ ಕೂರುತ್ತದೆ. ಸ್ಲೈಡ್ ಮಟ್ಟಸವಾಗಿರುವಾಗಲೇ ನೀರು ಸುರಿದು ಪೊರೆಯನ್ನು ತೇಲಿಸಿ ಹೊರಗೆ ಕಳಿಸಬೇಕು. ಕಸವೋ ಕಾಳೋ ತಿಳಿಯಲು ಫೈನ್ ಫೋಕಸ್ ತಿರುಗಿಸಿ: ಕಸ ಕಣದ ಮಟ್ಟಕ್ಕಿಂತ ಮೇಲೆ ಸ್ಪಷ್ಟವಾಗುತ್ತದೆ, ಕಣದ ಗಡಿಯ ಹೊರಗೂ ಹರಡಿರುತ್ತದೆ.

ಕೆಂಪು ಕಣಗಳಲ್ಲಿ ಹೊಳೆಯುವ ತೂತುಗಳು: ಮೆಥನಾಲಿಗೆ ನೀರು ಸೇರಿದೆ, ಅಥವಾ ಲೇಪ ಪೂರ್ತಿ ಒಣಗುವ ಮೊದಲೇ ಬಣ್ಣ ಹಾಕಿದ್ದಾರೆ. ತೇವದ ಹವೆಯಲ್ಲಿ ಇದು ದಿನನಿತ್ಯದ ಕಾಟ. ಬಣ್ಣದ ಬಾಟಲಿಯ ಮುಚ್ಚಳ ಬಿಗಿಯಾಗಿರಲಿ, ಲೇಪವನ್ನು ತಣ್ಣನೆಯ ಗಾಳಿ ಬೀಸಿ ಬೇಗ ಒಣಗಿಸಿ.

ಲೇಪ ಮತ್ತು ರಕ್ತದ ವಯಸ್ಸು

ಸ್ಲೈಡಿನ ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ ಸಣ್ಣ ಹನಿ, ಹನಿಯನ್ನು ಎಳೆಯುವ ಗಾಜು ಅಂದರೆ ಸ್ಪ್ರೆಡರ್ 30ರಿಂದ 45 ಡಿಗ್ರಿ, ಒಂದೇ ಓಘದಲ್ಲಿ ಎಳೆದ ಸುಮಾರು 3 ಸೆಂಟಿಮೀಟರ್ ಉದ್ದದ ಲೇಪ, ಕೊನೆಗೆ ನಾಲಿಗೆಯಾಕಾರದ ತುದಿ. ಕೋನ ಹೆಚ್ಚಿದರೆ ಲೇಪ ಗಿಡ್ಡ, ದಪ್ಪ. ಕಡಿಮೆಯಾದರೆ ಉದ್ದ, ತೆಳು. ರಕ್ತಹೀನತೆಯ ನೀರಾದ ರಕ್ತಕ್ಕೆ ಕೋನ ಹೆಚ್ಚಿಸಿ, ಗಟ್ಟಿ ರಕ್ತಕ್ಕೆ ತಗ್ಗಿಸಿ.

ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ಟ್ಯೂಬಿನಲ್ಲಿ ರಕ್ತ ಕೂತಷ್ಟೂ ಬಿಳಿ ಕಣಗಳು ಕೆಡುತ್ತವೆ. ಸುಮಾರು 3 ಗಂಟೆಗೆ ಬದಲಾವಣೆ ಶುರುವಾಗಿ, 12ರಿಂದ 18 ಗಂಟೆಗೆ ಎದ್ದು ಕಾಣುತ್ತದೆ. ಮೊನೊಸೈಟಿನ ಸೈಟೊಪ್ಲಾಸಮ್ಮಿನಲ್ಲಿ ಗುಳ್ಳೆಗಳು ಏಳುತ್ತವೆ, ನ್ಯೂಕ್ಲಿಯಸ್ ಹಾಲೆ ಹಾಲೆಯಾಗುತ್ತದೆ. ಲಿಂಫೊಸೈಟಿನ ನ್ಯೂಕ್ಲಿಯಸ್ ಮೊಗ್ಗೊಡೆದಂತೆ ಸೀಳುತ್ತದೆ. ಹೆಚ್ಚು ಮೋಸ ಮಾಡುವುದು ನ್ಯೂಟ್ರೊಫಿಲ್: ಅದರ ಹಾಲೆಗಳು ಕಳಚಿ, ದುಂಡಾಗಿ, ಕಪ್ಪು ಗೋಲಿಗಳಾಗುತ್ತವೆ. ಒಂದೇ ಗೋಲಿ ಉಳಿದರೆ ಅದನ್ನು ನ್ಯೂಕ್ಲಿಯಸ್ ಇರುವ ಕೆಂಪು ಕಣವೆಂದು ಎಣಿಸಿಬಿಡುತ್ತಾರೆ. ಟ್ಯೂಬ್ ಬಂದ ಎರಡು ಗಂಟೆಯೊಳಗೆ ಲೇಪ ಮಾಡಿ, ಅದೇ ದಿನ ಮೆಥನಾಲಿನಲ್ಲಿ ಕೂರಿಸಿ. ಹಾಗೇ ಬಿಟ್ಟ ಲೇಪದಲ್ಲಿ ಒಣಗಿದ ಪ್ಲಾಸ್ಮಾ ನೀಲಿ ಹಿನ್ನೆಲೆಯಾಗುತ್ತದೆ. ಗುಳ್ಳೆ ಕಂಡ ಕೂಡಲೇ ಸೋಂಕಿನ ಲಕ್ಷಣ ಎಂದು ಬರೆಯುವ ಮೊದಲು ರಕ್ತ ತೆಗೆದ ಹೊತ್ತನ್ನು ನೋಡಿ. ಟ್ಯೂಬಿನಲ್ಲಿ ರಕ್ತ ಕಡಿಮೆಯಿದ್ದು ಇಡಿಟಿಎ ಹೆಚ್ಚಾದರೂ ಇದೇ ಕೆಡುಕು ಬೇಗ ಬರುತ್ತದೆ. ಒಂದು ಮಿಲಿ ರಕ್ತಕ್ಕೆ 1.5 ಮಿಲಿಗ್ರಾಂ ಸಾಕು.

ಎಲ್ಲಿ ನೋಡಬೇಕು

ಮೊದಲು 10ರ ಲೆನ್ಸಿನಲ್ಲಿ ಲೇಪದ ಉದ್ದಕ್ಕೂ ಓಡಾಡಿ. ತುದಿಯಲ್ಲಿ ಬಿಳಿ ಕಣಗಳು ರಾಶಿ ಬಿದ್ದಿದ್ದರೆ, ಪ್ಲೇಟ್‌ಲೆಟ್‌ಗಳು ಗುಂಪುಗಟ್ಟಿದ್ದರೆ ಆ ಲೇಪದಲ್ಲಿ ಮಾಡಿದ ಎಣಿಕೆ ನಿಲ್ಲುವುದಿಲ್ಲ. ದೊಡ್ಡ ಕಣಗಳಾದ ನ್ಯೂಟ್ರೊಫಿಲ್ ಮತ್ತು ಮೊನೊಸೈಟ್ ಅಂಚಿಗೂ ತುದಿಗೂ ತೇಲಿಹೋಗುತ್ತವೆ, ಲಿಂಫೊಸೈಟ್ ನಡುವೆ ಉಳಿಯುತ್ತದೆ. ಬರೀ ನಡುವೆ ಎಣಿಸಿದರೆ ಲಿಂಫೊಸೈಟ್ ಹೆಚ್ಚು ಬರುತ್ತದೆ, ಬರೀ ಅಂಚಿನಲ್ಲಿ ಎಣಿಸಿದರೆ ನ್ಯೂಟ್ರೊಫಿಲ್. ಕೋಟೆಯ ತೆನೆಗಳಂತೆ ಅಂಚಿನಿಂದ ಒಳಕ್ಕೆ ಕೆಲವು ಫೀಲ್ಡ್ (ಲೆನ್ಸಿನಲ್ಲಿ ಒಮ್ಮೆಗೆ ಕಾಣುವ ಜಾಗ), ಪಕ್ಕಕ್ಕೆ ಒಂದೆರಡು, ಮತ್ತೆ ಅಂಚಿಗೆ, ಹೀಗೆ ಸಾಗಬೇಕು.

ಕಣದ ಗುರುತಿಗೆ ಸರಿಯಾದ ಜಾಗ ಎಂದರೆ ಕೆಂಪು ಕಣಗಳು ಒಂದಕ್ಕೊಂದು ತಾಗಿಯೂ ತಾಗದಂತಿದ್ದು, ನಡುವಿನ ತಿಳಿ ಕಾಣುವ ಜಾಗ. ದಪ್ಪ ಭಾಗದಲ್ಲಿ ಬಿಳಿ ಕಣಗಳು ಚಪ್ಪಟೆಯಾಗಿ ಹರಡಿಕೊಳ್ಳಲು ಎಡೆಯಿಲ್ಲದೆ ಮುದುಡುತ್ತವೆ. ಅಲ್ಲಿನ ಮೊನೊಸೈಟ್ ಸಣ್ಣದಾಗಿ, ಗಾಢವಾಗಿ ಲಿಂಫೊಸೈಟಿನಂತೆ ಕಾಣುತ್ತದೆ. ತೀರಾ ತುದಿಯಲ್ಲಿ ಕೆಂಪು ಕಣಗಳ ತಿಳಿ ಮಾಯವಾಗಿರುತ್ತದೆ, ಬಿಳಿ ಕಣಗಳು ಹಿಗ್ಗಿ ಹರಿದಿರುತ್ತವೆ. ಅಲ್ಲಿ ಕಂಡ ‘ದೊಡ್ಡ ವಿಚಿತ್ರ ಕಣ’ ಒಳಗಿನ ಜಾಗದಲ್ಲೂ ಸಿಗುತ್ತದೆಯೇ ಎಂದು ನೋಡಿ; ಸಿಗದಿದ್ದರೆ ಅದನ್ನು ಬಿಟ್ಟುಬಿಡಿ.

ಒಂದನ್ನೊಂದು ಹೋಲುವ ಕಣಗಳು

ಮೊನೊಸೈಟ್ ಮತ್ತು ದೊಡ್ಡ ಲಿಂಫೊಸೈಟ್. ಹೆಚ್ಚು ತಪ್ಪು ಆಗುವುದು ಇಲ್ಲೇ, ಕಾರಣವೂ ಒಂದೇ: ನ್ಯೂಕ್ಲಿಯಸ್ಸಿನ ಆಕಾರ ನೋಡಿ ತೀರ್ಮಾನಿಸುವುದು. ಮೂತ್ರಪಿಂಡದ ಆಕಾರವಿದ್ದರೆ ಮೊನೊಸೈಟ್ ಎಂದು ಕಲಿತಿರುತ್ತೇವೆ. ಆದರೆ ದುಂಡು ನ್ಯೂಕ್ಲಿಯಸ್ಸಿನ ಮೊನೊಸೈಟೂ ಇದೆ, ತಗ್ಗು ಬಿದ್ದ ನ್ಯೂಕ್ಲಿಯಸ್ಸಿನ ಲಿಂಫೊಸೈಟೂ ಇದೆ. ಆಕಾರವನ್ನು ಕೊನೆಗೆ ನೋಡಿ. ಮೊದಲು ಕ್ರೊಮ್ಯಾಟಿನ್: ಮೊನೊಸೈಟಿನದು ಸಡಿಲ ಹೆಣಿಗೆಯ ಬಲೆಯಂತೆ, ನಡುನಡುವೆ ತೆರಪು, ಲಿಂಫೊಸೈಟಿನದು ಉಂಡೆ ಉಂಡೆಯಾಗಿ ಒತ್ತಿಕೊಂಡದ್ದು. ಎರಡನೆಯದು ಸೈಟೊಪ್ಲಾಸಮ್ಮಿನ ಬಣ್ಣ: ಮೊನೊಸೈಟಿನದು ಮಬ್ಬು ಗಾಜಿನ ಬೂದಿ-ನೀಲಿ, ಆಚೆ ಕಾಣುವುದಿಲ್ಲ, ಲಿಂಫೊಸೈಟಿನದು ನಿರ್ಮಲ ತಿಳಿನೀಲಿ. ಮೂರನೆಯದು ಕಾಳುಗಳು: ಮೊನೊಸೈಟಿನಲ್ಲಿ ಎಣಿಸಲಾಗದ ಸಣ್ಣ ಕೆಂಪು ಧೂಳು, ದೊಡ್ಡ ಲಿಂಫೊಸೈಟಿನಲ್ಲಿ ಕಾಳುಗಳಿದ್ದರೆ ದಪ್ಪ ಕೆಂಪು ಚುಕ್ಕಿಗಳು, ಬೆರಳಲ್ಲಿ ಎಣಿಸಬಹುದು. ಅಂಚನ್ನೂ ಗಮನಿಸಿ. ಲಿಂಫೊಸೈಟನ್ನು ಪಕ್ಕದ ಕೆಂಪು ಕಣ ಒತ್ತಿ ತಗ್ಗು ಮಾಡುತ್ತದೆ. ಮೊನೊಸೈಟ್ ಅಷ್ಟು ಸುಲಭಕ್ಕೆ ಬಾಗುವುದಿಲ್ಲ. 15ರಿಂದ 20 ಮೈಕ್ರಾನಿನ ಮೊನೊಸೈಟ್ ರಕ್ತದಲ್ಲಿನ ಅತಿ ದೊಡ್ಡ ಮಾಮೂಲಿ ಕಣ, ಆದರೆ ದೊಡ್ಡ ಲಿಂಫೊಸೈಟೂ 16ರವರೆಗೆ ಬೆಳೆಯುವುದರಿಂದ ಗಾತ್ರವೊಂದನ್ನೇ ನಂಬುವಂತಿಲ್ಲ. ಮೂರು ಲಕ್ಷಣಗಳಲ್ಲಿ ಎರಡು ಯಾವ ಕಡೆ ಇವೆಯೋ ಆ ಹೆಸರು ಕೊಡಿ.

ಮೊನೊಸೈಟ್ ಮತ್ತು ಬ್ಯಾಂಡ್ ನ್ಯೂಟ್ರೊಫಿಲ್ (ನ್ಯೂಕ್ಲಿಯಸ್ ಇನ್ನೂ ಹಾಲೆಗಳಾಗದ ಎಳೆಯದು). ಇಬ್ಬರದ್ದೂ ಲಾಳದಂಥ ನ್ಯೂಕ್ಲಿಯಸ್. ಬ್ಯಾಂಡಿನ ಸೈಟೊಪ್ಲಾಸಂ ಗುಲಾಬಿ, ಕ್ರೊಮ್ಯಾಟಿನ್ ಗಟ್ಟಿ ಗಂಟುಗಂಟು, ಲಾಳದ ಎರಡು ತುದಿಗಳು ಇನ್ನಷ್ಟು ಕಪ್ಪು. ಮೊನೊಸೈಟಿನಲ್ಲಿ ಬೂದಿ ಬಣ್ಣ, ಸಡಿಲ ಹೆಣಿಗೆ. ಬ್ಯಾಂಡೋ, ಹಾಲೆ ಬಿಟ್ಟದ್ದೋ (ನ್ಯೂಕ್ಲಿಯಸ್ ಹಾಲೆಗಳಾಗಿರುವ ಬಲಿತ ನ್ಯೂಟ್ರೊಫಿಲ್ಲೋ) ಎಂಬ ಅನುಮಾನ ಬಂದಾಗ ಎರಡು ಹಾಲೆಗಳ ನಡುವೆ ದಾರದಷ್ಟು ತೆಳುವಾದ ಕೊಂಡಿ ಇದೆಯೇ ಹುಡುಕಿ. ಇದ್ದರೆ ಹಾಲೆ ಬಿಟ್ಟದ್ದು. ನ್ಯೂಕ್ಲಿಯಸ್ ಮಡಚಿಕೊಂಡು ಏನೂ ತಿಳಿಯದಿದ್ದರೆ ಹಾಲೆ ಬಿಟ್ಟದ್ದೆಂದೇ ಎಣಿಸಿ.

ಇಯೊಸಿನೊಫಿಲ್ ಮತ್ತು ನ್ಯೂಟ್ರೊಫಿಲ್. ಬಣ್ಣ ಸುಳ್ಳು ಹೇಳಬಹುದು, ಕಾಳಿನ ಗಾತ್ರ ಹೇಳುವುದಿಲ್ಲ. ಇಯೊಸಿನೊಫಿಲ್ಲಿನ ಕಾಳುಗಳು ಎಲ್ಲವೂ ಒಂದೇ ಅಳತೆ, ದುಂಡಗೆ, ಒತ್ತೊತ್ತಾಗಿ ತುಂಬಿರುತ್ತವೆ, ಒಂದೊಂದನ್ನೂ ಬಿಡಿಸಿ ನೋಡಬಹುದು. ಫೈನ್ ಫೋಕಸ್ ಆಡಿಸಿದರೆ ಮಿನುಗುತ್ತವೆ. ನ್ಯೂಕ್ಲಿಯಸ್ಸಿಗೆ ಸಾಮಾನ್ಯವಾಗಿ ಎರಡೇ ಹಾಲೆ. ಕಾಳು ಉದುರಿಸಿಕೊಂಡ ಇಯೊಸಿನೊಫಿಲ್ಲಿನಲ್ಲಿ ಖಾಲಿ ಗುಂಡಿಗಳು ಕಾಣುತ್ತವೆ. ಅಂಚಿನಲ್ಲಿ ಉಳಿದ ಕೆಲವು ಕಿತ್ತಳೆ ಕಾಳುಗಳನ್ನು ಹುಡುಕಿ.

ಬೇಸೊಫಿಲ್. ನೂರರಲ್ಲಿ ಒಂದೂ ಸಿಗದಿರುವುದೇ ಮಾಮೂಲು, ಹಾಗಾಗಿ ಕಣ್ಣಿಗೆ ಅಭ್ಯಾಸ ಇರುವುದಿಲ್ಲ. ಕಪ್ಪು-ನೇರಳೆ ಕಾಳುಗಳು ದೊಡ್ಡದು ಚಿಕ್ಕದು ಕಲೆತು, ನ್ಯೂಕ್ಲಿಯಸ್ಸಿನ ಮೇಲೂ ಕೂತು ಅದರ ಆಕಾರವನ್ನೇ ಮುಚ್ಚುತ್ತವೆ. ಈ ಕಾಳುಗಳು ನೀರಿನಲ್ಲಿ ಕರಗುತ್ತವೆ. ಹೆಚ್ಚು ತೊಳೆದ ಸ್ಲೈಡಿನಲ್ಲಿ ಕಾಳುಗಳ ಜಾಗದಲ್ಲಿ ಬಿಳಿ ಗುಂಡಿಗಳು, ಸುತ್ತ ನೇರಳೆ ಮಸುಕು ಉಳಿದು, ಕೆಟ್ಟ ನ್ಯೂಟ್ರೊಫಿಲ್ಲಿನಂತೆ ಕಾಣುತ್ತದೆ.

ಸಣ್ಣ ಲಿಂಫೊಸೈಟ್ ಮತ್ತು ನ್ಯೂಕ್ಲಿಯಸ್ ಇರುವ ಕೆಂಪು ಕಣ. ಕೆಂಪು ಕಣದ ನ್ಯೂಕ್ಲಿಯಸ್ ಮಸಿಯ ಹನಿಯಂತೆ ನುಣುಪು, ದುಂಡು, ಒಳಗೆ ಹೆಣಿಗೆ ಇಲ್ಲ. ಸುತ್ತ ಪಕ್ಕದ ಕೆಂಪು ಕಣಗಳದ್ದೇ ಬಣ್ಣ ಅಥವಾ ಸ್ವಲ್ಪ ಬೂದಿ. ಲಿಂಫೊಸೈಟಿನಲ್ಲಿ ತೆಳು ನೀಲಿ ಅಂಚು ಮಾತ್ರ. ಈ ವ್ಯತ್ಯಾಸಕ್ಕೆ ಬೆಲೆ ಇದೆ, ಏಕೆಂದರೆ ರಕ್ತಕಣ ಎಣಿಸುವ ಎಷ್ಟೋ ಯಂತ್ರಗಳು ಇವನ್ನು ಬಿಳಿ ಕಣವೆಂದೇ ಎಣಿಸುತ್ತವೆ. ನೂರು ಬಿಳಿ ಕಣಕ್ಕೆ ಇಂಥವು 20 ಕಂಡು, ಯಂತ್ರದ ಒಟ್ಟು ಎಣಿಕೆ 12,000 ಇದ್ದರೆ, 12,000ವನ್ನು 100ರಿಂದ ಗುಣಿಸಿ 120ರಿಂದ ಭಾಗಿಸಿ. ನಿಜವಾದ ಎಣಿಕೆ 10,000.

ಲಿಂಫೊಸೈಟಿನ ಮೇಲೆ ಕೂತ ಪ್ಲೇಟ್‌ಲೆಟ್ ಕಾಳಿನ ಗುಂಪಿನಂತೆ ಕಾಣುತ್ತದೆ. ಸುತ್ತ ತೆಳು ಬಿಳಿ ವರ್ತುಲವಿದ್ದರೆ ಪ್ಲೇಟ್‌ಲೆಟ್. ನ್ಯೂಟ್ರೊಫಿಲ್ ಸುತ್ತ ಪ್ಲೇಟ್‌ಲೆಟ್‌ಗಳು ಹಾರದಂತೆ ಅಂಟಿದ್ದರೆ ಅದು ಇಡಿಟಿಎ ಮಾಡಿದ ಕೆಲಸ. ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆದು ನೋಡಿ, ಬಂದ ಪ್ಲೇಟ್‌ಲೆಟ್ ಎಣಿಕೆಯನ್ನು 1.1ರಿಂದ ಗುಣಿಸಿ.

ಕೆರಳಿದ ಲಿಂಫೊಸೈಟ್ ಮತ್ತು ಬ್ಲಾಸ್ಟ್ (ಲ್ಯುಕೇಮಿಯಾದಲ್ಲಿ ಕಾಣುವ ತೀರಾ ಎಳೆಯ ಕಣ). ಇಲ್ಲಿ ಅವಸರ ಬೇಡ. ಡೆಂಗಿಯಂಥ ವೈರಸ್ ಜ್ವರದಲ್ಲಿ ಲಿಂಫೊಸೈಟ್ ದೊಡ್ಡದಾಗಿ, ಸೈಟೊಪ್ಲಾಸಂ ಹೇರಳವಾಗಿ, ಕೆಂಪು ಕಣಗಳನ್ನು ತಬ್ಬಿಕೊಂಡು, ತಾಗಿದ ಅಂಚು ಗಾಢ ನೀಲಿಯಾಗುತ್ತದೆ. ಬ್ಲಾಸ್ಟಿನಲ್ಲಿ ಸೈಟೊಪ್ಲಾಸಂ ಕಡಿಮೆ, ಕ್ರೊಮ್ಯಾಟಿನ್ ನುಣ್ಣಗೆ ಸಮನಾಗಿ ಹರಡಿದ್ದು, ನ್ಯೂಕ್ಲಿಯಸ್ಸಿನೊಳಗಿನ ಚುಕ್ಕೆಯಾದ ನ್ಯೂಕ್ಲಿಯೊಲಸ್ ಎದ್ದು ಕಾಣುತ್ತದೆ. ಒಂದೇ ಕಣವನ್ನು ನೋಡಿ ಹೇಳುವುದಕ್ಕಿಂತ ಹತ್ತಾರು ಕಣಗಳನ್ನು ಒಟ್ಟಿಗೆ ನೋಡುವುದು ಒಳ್ಳೆಯದು. ಕೆರಳಿದ ಲಿಂಫೊಸೈಟ್‌ಗಳು ಒಂದರಂತೆ ಒಂದಿರುವುದಿಲ್ಲ, ಚಿಕ್ಕದರಿಂದ ದೊಡ್ಡದರವರೆಗೆ ಎಲ್ಲ ಹಂತಗಳೂ ಸಿಗುತ್ತವೆ. ಬ್ಲಾಸ್ಟ್‌ಗಳು ಅಣ್ಣತಮ್ಮಂದಿರಂತೆ ಹೋಲುತ್ತವೆ. ಸೈಟೊಪ್ಲಾಸಮ್ಮಿನಲ್ಲಿ ಕೆಂಪು ಸೂಜಿಯಂಥ ಆಯರ್ ರಾಡ್ ಒಂದೇ ಒಂದು ಕಂಡರೂ ಅದು ಮೈಲಾಯ್ಡ್ ಬ್ಲಾಸ್ಟಿನ ಕಡೆಗೇ ಬೊಟ್ಟು ಮಾಡುತ್ತದೆ. ಸ್ಲೈಡನ್ನು ತಕ್ಷಣ ಪೆಥಾಲಜಿಸ್ಟರ ಕೈಗೆ ಕೊಡಿ.

ಬಣ್ಣದ ತಪ್ಪೋ, ಕಾಯಿಲೆಯೋ?

ನ್ಯೂಟ್ರೊಫಿಲ್ ಕಾಳುಗಳು ದಪ್ಪ ನೇರಳೆಯಾಗಿವೆ. ಲಿಂಫೊಸೈಟೂ ಕಪ್ಪಾಗಿದ್ದು, ಎಲ್ಲ ನ್ಯೂಟ್ರೊಫಿಲ್ಲುಗಳೂ ಒಂದೇ ರೀತಿ ಇದ್ದರೆ ಬಣ್ಣ ಹೆಚ್ಚಾಗಿದೆ. ಲಿಂಫೊಸೈಟ್ ಸರಿಯಿದ್ದು, ಕೆಲವು ನ್ಯೂಟ್ರೊಫಿಲ್ಲುಗಳಲ್ಲಿ ಮಾತ್ರ ಕಾಳು ದಪ್ಪವಾಗಿದ್ದು, ಜೊತೆಗೆ ಸೈಟೊಪ್ಲಾಸಮ್ಮಿನ ಅಂಚಿನಲ್ಲಿ ತಿಳಿನೀಲಿ ಮಚ್ಚೆಗಳು ಅಂದರೆ ಡೋಲೆ ಬಾಡಿಗಳು ಇದ್ದರೆ ಅದು ಟಾಕ್ಸಿಕ್ ಗ್ರ್ಯಾನ್ಯುಲೇಷನ್, ಹೆಚ್ಚಾಗಿ ತೀವ್ರ ಸೋಂಕಿನ ಗುರುತು.

ಬ್ಯಾಂಡ್‌ಗಳು ರಾಶಿ ರಾಶಿ ಕಂಡು, ರೋಗಿಗೆ ಜ್ವರವೂ ಇಲ್ಲ, ಟಾಕ್ಸಿಕ್ ಲಕ್ಷಣವೂ ಇಲ್ಲ ಎಂದಾದರೆ ಪೆಲ್ಗರ್-ಹ್ಯುವೆಟ್ ನೆನಪಾಗಬೇಕು. ಹುಟ್ಟಿನಿಂದ ಬಂದ ಈ ಬದಲಾವಣೆಯಲ್ಲಿ ಹಾಲೆಗಳು ಎರಡೇ, ಕನ್ನಡಕದಂತೆ ದುಂಡಗೆ, ಕ್ರೊಮ್ಯಾಟಿನ್ ಮಾತ್ರ ಬಲಿತ ಕಣದ್ದೇ, ಗಟ್ಟಿಗಟ್ಟಿ. ಇದಕ್ಕೆ ವಿರುದ್ಧವಾಗಿ ಹಾಲೆಗಳು ಆರು ಅಥವಾ ಹೆಚ್ಚಾಗಿದ್ದರೆ, ಐದು ಹಾಲೆಯವು ಬಹಳ ಇದ್ದರೆ, ಬಿ12 ಅಥವಾ ಫೋಲೇಟ್ ಕೊರತೆಯನ್ನು ಯೋಚಿಸಿ ಕೆಂಪು ಕಣಗಳ ಗಾತ್ರ ನೋಡಿ.

ಒಡೆದು ಹರಡಿದ ಬರಿಯ ನ್ಯೂಕ್ಲಿಯಸ್‌ಗಳು ಒಂದೆರಡಿದ್ದರೆ ಎಳೆದ ಕೈಯ ಒತ್ತಡ. ತುಂಬ ಇದ್ದರೆ ಕಣಗಳೇ ದುರ್ಬಲ. ಕ್ರಾನಿಕ್ ಲಿಂಫೊಸೈಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನಲ್ಲಿ ಇದು ಪ್ರಸಿದ್ಧ. ಅವನ್ನು ಬಿಟ್ಟು ಎಣಿಸಿದರೆ ಒಡೆದವುಗಳೆಲ್ಲ ಲಿಂಫೊಸೈಟ್ ಆಗಿದ್ದ ಕಾರಣ ನ್ಯೂಟ್ರೊಫಿಲ್ ಶೇಕಡಾ ಸುಳ್ಳಾಗಿ ಏರುತ್ತದೆ. ಐದು ಹನಿ ರಕ್ತಕ್ಕೆ 22 ಶೇಕಡಾ ಬೊವೈನ್ ಆಲ್ಬುಮಿನ್ ಒಂದು ಹನಿ ಬೆರೆಸಿ ಬೇರೆ ಲೇಪ ಎಳೆಯಿರಿ. ಕಣಗಳು ಒಡೆಯದೆ ನಿಲ್ಲುತ್ತವೆ. ಎಣಿಕೆಗೆ ಈ ಲೇಪ, ಕೆಂಪು ಕಣದ ಆಕಾರ ನೋಡಲು ಹಳೆಯ ಲೇಪ.

ಎಣಿಕೆ ಹೊಂದದಿದ್ದರೆ

ಯಂತ್ರ ಮೊನೊಸೈಟ್ 9 ಶೇಕಡಾ ಎಂದಿದೆ, ಕೈಯಲ್ಲಿ 5 ಬಂತು. ಇಬ್ಬರೂ ಸರಿ ಇರಬಹುದು. ನೂರೇ ಕಣ ಎಣಿಸಿದಾಗ ನಿಜವಾಗಿ 10 ಶೇಕಡಾ ಇರುವ ಕಣ 4ರಿಂದ 18ರವರೆಗೆ ಎಲ್ಲಿಯಾದರೂ ಬರಬಹುದು. 50 ಇರುವುದು 39ರಿಂದ 61ರವರೆಗೆ. ಇದು ಎಣಿಸಿದವರ ತಪ್ಪಲ್ಲ, ನೂರರ ಮಿತಿ. ತೀರ್ಮಾನ ಆ ಅಂಕಿಯ ಮೇಲೆ ನಿಂತಿದ್ದರೆ 200 ಎಣಿಸಿ. ಬಿಳಿ ಕಣಗಳನ್ನು ಮೂರೇ ಗುಂಪಾಗಿ ಎಣಿಸುವ ‘ಮೂರು ಭಾಗದ’ ಯಂತ್ರ ‘ಮಿಡ್’ ಎಂದು ಕೊಡುವ ಅಂಕಿಯನ್ನು ಮೊನೊಸೈಟ್ ಎಂದು ಬರೆಯಬೇಡಿ, ಅದರಲ್ಲಿ ಬೇರೆ ಕಣಗಳೂ ಸೇರಿರುತ್ತವೆ.

ಒಟ್ಟು ಎಣಿಕೆಯ ಮೇಲೇ ಅನುಮಾನವಿದ್ದರೆ 40ರ ಲೆನ್ಸಿನಲ್ಲಿ, ಕೆಂಪು ಕಣಗಳು ತಾಗಿಯೂ ತಾಗದ ಜಾಗದಲ್ಲಿ, ಹತ್ತು ಫೀಲ್ಡ್ ನೋಡಿ ಸರಾಸರಿ ತೆಗೆದು 2,000ದಿಂದ ಗುಣಿಸಿ. ಫೀಲ್ಡಿಗೆ 4 ಇದ್ದರೆ ಮೈಕ್ರೋಲೀಟರಿಗೆ ಸುಮಾರು 8,000. ಐಪೀಸಿನ ಅಗಲಕ್ಕೆ ತಕ್ಕಂತೆ ಈ ಗುಣಕ ಬದಲಾಗುವುದರಿಂದ, ಎಣಿಕೆ ಗೊತ್ತಿರುವ ಕೆಲವು ಸ್ಲೈಡುಗಳಲ್ಲಿ ನಿಮ್ಮ ಮೈಕ್ರೋಸ್ಕೋಪಿನ ಗುಣಕವನ್ನು ಕಂಡುಕೊಳ್ಳಿ. ಯಂತ್ರ 20,000 ಎಂದು, ಕಣ್ಣಿಗೆ 8,000 ಎಂದು ಕಂಡರೆ ನ್ಯೂಕ್ಲಿಯಸ್ ಇರುವ ಕೆಂಪು ಕಣ, ಪ್ಲೇಟ್‌ಲೆಟ್ ಗುಂಪು, ಟ್ಯೂಬುಗಳ ಅದಲುಬದಲು ಈ ಮೂರನ್ನು ನೋಡಿ.

ಶೇಕಡಾ ಮಾತ್ರ ನೋಡಿದರೂ ದಾರಿ ತಪ್ಪುತ್ತದೆ. ಒಟ್ಟು 3,000 ಇದ್ದು ಲಿಂಫೊಸೈಟ್ 60, ನ್ಯೂಟ್ರೊಫಿಲ್ 30 ಶೇಕಡಾ ಬಂದರೆ ಲಿಂಫೊಸೈಟ್ ಹೆಚ್ಚಾಗಿಲ್ಲ. ಅದು 1,800, ದೊಡ್ಡವರಿಗೆ ಮಾಮೂಲು. ಕಡಿಮೆಯಾದದ್ದು ನ್ಯೂಟ್ರೊಫಿಲ್, ಬರೀ 900. ಪುಟ್ಟ ಮಕ್ಕಳಲ್ಲಿ ನಾಲ್ಕೈದು ವರ್ಷದವರೆಗೆ ಲಿಂಫೊಸೈಟೇ ಹೆಚ್ಚಿರುವುದು ಸಹಜ, ರೋಗಿಯ ವಯಸ್ಸು ನೋಡದೆ ಸ್ಲೈಡನ್ನು ಅನುಮಾನಿಸಬೇಡಿ.

ಇಷ್ಟೆಲ್ಲ ನೋಡಿಯೂ ಹೆಸರು ಸಿಗದ ಕಣವನ್ನು ಹತ್ತಿರದ ಯಾವುದೋ ಪಟ್ಟಿಗೆ ನೂಕಬೇಡಿ. ‘ಗುರುತಿಸದ ಕಣ’ ಎಂದು ಪ್ರತ್ಯೇಕ ಎಣಿಸಿ, ನೂರಕ್ಕೆ ಎಷ್ಟು ಎಂದು ಬರೆದು, ಗಾತ್ರ, ನ್ಯೂಕ್ಲಿಯಸ್, ಸೈಟೊಪ್ಲಾಸಂ, ಕಾಳು ಈ ನಾಲ್ಕನ್ನು ಒಂದೊಂದು ಮಾತಿನಲ್ಲಿ ವಿವರಿಸಿ. ಸ್ಟೇಜಿನ ಅಳತೆಪಟ್ಟಿಯ ಎರಡೂ ಅಂಕಿಗಳನ್ನು ಚೀಟಿಯಲ್ಲಿ ಬರೆದು ಸ್ಲೈಡಿನ ಜೊತೆ ಕಳಿಸಿದರೆ ಮುಂದೆ ನೋಡುವವರು ನೇರವಾಗಿ ಆ ಕಣದ ಬಳಿಗೇ ಹೋಗಬಹುದು.